ಮೊದಲ ಸಲ ಟ್ರಾವೆಲ್ ಕ್ರೆಡಿಟ್ ಕಾರ್ಡ್ ತಗೊಳ್ಳುವವರು ಯಾವುದನ್ನು ಆರಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮಣಿಪಾಲದಲ್ಲಿ ಕೆಲಸ, ಕೈಗೆ 42 ಸಾವಿರ ಸಂಬಳ, ಇದುವರೆಗೆ ಒಂದೂ ಕ್ರೆಡಿಟ್ ಕಾರ್ಡ್ ಇಲ್ಲ. ತಿಂಗಳಿಗೊಮ್ಮೆ ಬೆಂಗಳೂರಿಗೆ ಬಸ್ಸು, ವರ್ಷಕ್ಕೊಮ್ಮೆ ಅಪ್ಪ ಅಮ್ಮನ ಜೊತೆ ಮುಂಬೈಗೆ ರೈಲು, ಮುಂದಿನ ವರ್ಷ ದುಬೈಯಲ್ಲಿರುವ ಅಕ್ಕನ ಮನೆಗೆ ಹೋಗುವ ಯೋಚನೆ. ಮಾಲ್‌ನಲ್ಲಿ ಒಬ್ಬರು ವರ್ಷಕ್ಕೆ 5,000 ರೂಪಾಯಿ ಶುಲ್ಕದ ಟ್ರಾವೆಲ್ ಕಾರ್ಡಿಗೆ ಫಾರಂ ತುಂಬಿಸಿಕೊಂಡಿದ್ದಾರೆ. ಲೌಂಜ್ (ವಿಮಾನ ನಿಲ್ದಾಣದಲ್ಲಿ ಕೂತು ಊಟ ತಿಂಡಿ ಮಾಡುವ ಜಾಗ) ಫ್ರೀ, ಟಿಕೆಟ್ ಫ್ರೀ ಅಂದಿದ್ದಾರೆ. ತಗೊಳ್ಳಲಾ ಬೇಡವಾ?

ಬೇಡ. ಕ್ರೆಡಿಟ್ ಕಾರ್ಡ್ ಬೇಕಾದ್ರೆ ತಗೊಳ್ಳಿ, ಈ ಕಾರ್ಡ್ ಬೇಡ.

ನಾನು ಮಂಗಳೂರಿನಲ್ಲಿ ಟಿಕೆಟ್ ಬುಕಿಂಗ್ ಆಫೀಸು ನಡೆಸುವವನು. ಗಲ್ಫ್ ಟಿಕೆಟ್, ಬೆಂಗಳೂರು ಬಸ್ಸು, ಮುಂಬೈ ರೈಲು, ಎಲ್ಲ ಮಾಡ್ತೇವೆ. ಹಾಗಾಗಿ ಕಾರ್ಡಿನ ಖರ್ಚಿಗೆ ಬ್ಯಾಂಕಿನವರು ಕೊಡುವ ಪಾಯಿಂಟುಗಳ ಕತೆ ದಿನಾ ಕೌಂಟರಿಗೆ ಬರುತ್ತದೆ. (ನೀವು ಪಾಯಿಂಟು ಕೊಟ್ಟು ನೀವೇ ಟಿಕೆಟ್ ಮಾಡಿಕೊಂಡರೆ ನನಗೆ ಕಮಿಷನ್ ಹೋಗುತ್ತದೆ. ಅದನ್ನೂ ಮನಸ್ಸಲ್ಲಿಟ್ಟುಕೊಂಡು ಓದಿ.)

ಮೊದಲು ಒಂದು ಲೆಕ್ಕ ಹಾಕುವ. ಬೆಂಗಳೂರಿಗೆ ಹೋಗಿ ಬರಲು ಒಂದು ಸಲಕ್ಕೆ 2,000 ಅಂತ ಹಿಡಿಯಿರಿ, ವರ್ಷಕ್ಕೆ 24,000. ಮೂವರಿಗೆ ಮುಂಬೈ ಥರ್ಡ್ ಎಸಿ ಹೋಗಿ ಬರಲು ಹತ್ತಿರ ಹತ್ತಿರ 10,000. ದುಬೈ ಟಿಕೆಟ್ 25,000 ಅಂದುಕೊಳ್ಳಿ. ಒಟ್ಟು 59,000. ಈ ಅಷ್ಟೂ ಖರ್ಚಿಗೆ ಕಾರ್ಡು 5% ವಾಪಸ್ ಕೊಟ್ಟರೂ ಸಿಗುವುದು 2,950 ರೂಪಾಯಿ. ಕಾರ್ಡಿನ ಶುಲ್ಕ 5,000 ಅಂದರೆ 5,000 ಅಲ್ಲ, ಮೇಲೆ 18% ಜಿಎಸ್‌ಟಿ ಬಿದ್ದು 5,900. ಸಿಗುವುದಕ್ಕಿಂತ ಸರಿಯಾಗಿ ಎರಡು ಪಟ್ಟು ಕೊಟ್ಟ ಹಾಗಾಯ್ತು. ಅದೂ ನಾನು ಬಸ್ಸಿಗೂ 5% ಹಿಡಿದಿದ್ದೇನೆ. ನಿಜ ಹೇಳಬೇಕೆಂದರೆ ಹೆಚ್ಚಿನ ಟ್ರಾವೆಲ್ ಕಾರ್ಡುಗಳು ದೊಡ್ಡ ಪಾಯಿಂಟು ಕೊಡುವುದು ವಿಮಾನ ಮತ್ತು ಹೋಟೆಲಿಗೆ ಮಾತ್ರ. ನಿಮ್ಮ ಓಡಾಟದಲ್ಲಿ ಜಾಸ್ತಿ ಇರುವುದು ಬಸ್ಸು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರಿಗೆ ಕೊಟ್ಟ ದುಡ್ಡಿಗಂತೂ ಯಾವ ಬ್ಯಾಂಕಿನ ಪಾಯಿಂಟೂ ಇಲ್ಲ.

ಮೊದಲ ವರ್ಷ ಜಾಯಿನಿಂಗ್ ಬೋನಸ್ ಅಂತ ಏನೋ ಕೊಡ್ತಾರೆ, ಅದರಲ್ಲಿ ಶುಲ್ಕ ಸರಿ ಹೋಗುತ್ತದೆ ಅಂತ ಅವರು ಹೇಳಿರಬಹುದು. ಸುಳ್ಳಲ್ಲ. ಆದರೆ ಅದು ಒಂದು ವರ್ಷದ ಮಾತು. ಎರಡನೇ ವರ್ಷದ ಸ್ಟೇಟ್‌ಮೆಂಟಿನಲ್ಲಿ 5,900 ಬರುವಾಗ ಬೋನಸ್ ಇರುವುದಿಲ್ಲ. ಆಗ ಇನ್ನೊಂದು ಆಸೆ ತೋರಿಸ್ತಾರೆ: ಇಷ್ಟು ಲಕ್ಷ ಖರ್ಚು ಮಾಡಿದ್ರೆ ಶುಲ್ಕ ಮಾಫಿ. 42 ಸಾವಿರ ಸಂಬಳದಲ್ಲಿ ಮನೆ ಬಾಡಿಗೆ, ಊಟ, ಊರಿಗೆ ಕಳಿಸುವುದು ಕಳೆದು ಕಾರ್ಡಿನಲ್ಲಿ ತಿಂಗಳಿಗೆ 12 ಸಾವಿರ ಖರ್ಚಾದರೆ ಹೆಚ್ಚು. ವರ್ಷಕ್ಕೆ ಒಂದೂವರೆ ಲಕ್ಷ ಆಗುವುದೂ ಕಷ್ಟ. ಮಾಫಿಗೋಸ್ಕರ ಬೇಡದ್ದನ್ನು ಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಲೌಂಜ್ ವಿಷಯ. ಇದರಲ್ಲಿ ಜನ ಜಾಸ್ತಿ ಮರುಳಾಗುವುದು. ಎರಡು ರೂಪಾಯಿ ಸ್ವೈಪ್ ಮಾಡಿ ಒಳಗೆ ಹೋಗಿ ಹೊಟ್ಟೆ ತುಂಬ ತಿನ್ನಬಹುದು, ಹೌದು. ಆದರೆ ವರ್ಷಕ್ಕೆ ಎಷ್ಟು ಸಲ ನೀವು ವಿಮಾನ ನಿಲ್ದಾಣಕ್ಕೆ ಅಂತ ಬಜ್ಪೆ ಗುಡ್ಡ ಹತ್ತುತ್ತೀರಿ? ಮತ್ತೆ ಮೊದಲಿನ ಹಾಗೆ ಕಾರ್ಡ್ ಇದ್ದರೆ ಸಾಕು ಅಂತಲೂ ಇಲ್ಲ ಈಗ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕು ಅಂತ ಸುಮಾರು ಬ್ಯಾಂಕಿನವರು ಷರತ್ತು ಹಾಕಿದ್ದಾರೆ. 50 ಸಾವಿರದಿಂದ 1 ಲಕ್ಷದವರೆಗೂ ಕೇಳುವ ಕಾರ್ಡುಗಳಿವೆ. ಒಂದು ದೋಸೆ, ಒಂದು ಕಾಫಿಗೆ ಅಷ್ಟು ಓಡಾಡಬೇಕಾ?

ಪಾಯಿಂಟಿನ ಬೆಲೆ ನೋಡುವುದು ಹೇಗೆ ಅಂತಲೂ ಹೇಳ್ತೇನೆ, ಯಾಕೆಂದರೆ ಎಲ್ಲ ಕಾರ್ಡುಗಳ ಗುಟ್ಟು ಇರುವುದು ಅಲ್ಲಿ. 10,000 ಪಾಯಿಂಟು ಅಂದಾಗ ಕಿವಿಗೆ ಹಿತವಾಗಿರುತ್ತದೆ. ಒಂದು ಪಾಯಿಂಟಿಗೆ 25 ಪೈಸೆ ಆದರೆ ಅದು 2,500 ರೂಪಾಯಿ. 100 ರೂಪಾಯಿ ಖರ್ಚಿಗೆ ಒಂದು ಪಾಯಿಂಟು ಕೊಡುವ ಕಾರ್ಡಾದರೆ ಆ 2,500 ಸಿಗಲು ನೀವು 10 ಲಕ್ಷ ಖರ್ಚು ಮಾಡಿರಬೇಕು! ಅಂದರೆ ಕಾಲು ಪರ್ಸೆಂಟ್. ಅದೇ ಪಾಯಿಂಟನ್ನು ನಗದಾಗಿ ಕೇಳಿದರೆ ಒಂದು ಬೆಲೆ, ಮಿಕ್ಸಿ ಕುಕ್ಕರ್ ತಗೊಂಡರೆ ಒಂದು ಬೆಲೆ, ವಿಮಾನ ಟಿಕೆಟಿಗೆ ಹಾಕಿದರೆ ಇನ್ನೊಂದು ಬೆಲೆ. ಜೊತೆಗೆ ಪಾಯಿಂಟು ಬಳಸಿಕೊಳ್ಳುವಾಗ ರಿಡೆಂಪ್ಷನ್ ಶುಲ್ಕ ಅಂತ 99 ರೂಪಾಯಿ, ಅದಕ್ಕೂ ಜಿಎಸ್‌ಟಿ, ಕೆಲವು ಕಡೆ. ಯಾವ ಕಾರ್ಡನ್ನೇ ನೋಡಿ, ಎರಡೇ ಪ್ರಶ್ನೆ ಕೇಳಿ: 100 ರೂಪಾಯಿಗೆ ಎಷ್ಟು ಪಾಯಿಂಟು, ಒಂದು ಪಾಯಿಂಟಿಗೆ ಎಷ್ಟು ಪೈಸೆ? ಮಾಲ್‌ನಲ್ಲಿ ಟೇಬಲ್ ಹಾಕಿ ಕೂತವರು ಮೊದಲನೆಯದಕ್ಕೆ ಥಟ್ಟಂತ ಉತ್ತರ ಕೊಡ್ತಾರೆ. ಎರಡನೆಯದಕ್ಕೆ ಬ್ರೋಷರ್ ಕೊಡ್ತಾರೆ.

ಯಾವುದಕ್ಕೆ ಪಾಯಿಂಟು ಇಲ್ಲ ಅನ್ನುವುದನ್ನೂ ಓದಿ. ಪೆಟ್ರೋಲು, ಮನೆ ಬಾಡಿಗೆ, ವಾಲೆಟ್‌ಗೆ ದುಡ್ಡು ಹಾಕುವುದು, ಹಲವು ಕಾರ್ಡುಗಳಲ್ಲಿ ಇನ್ಶೂರೆನ್ಸು, ಕರೆಂಟ್ ಬಿಲ್ಲು, ಸ್ಕೂಲ್ ಫೀಸು, ಚಿನ್ನ. ಕೆಲವು ಕ್ಯಾಶ್‌ಬ್ಯಾಕ್ ಕಾರ್ಡುಗಳಲ್ಲಿ ರೈಲ್ವೆ ಟಿಕೆಟಿಗೂ ಇಲ್ಲ. ನಿಮ್ಮ ಮುಂಬೈ ಪ್ರಯಾಣಕ್ಕೆ ಅದು ಮುಖ್ಯ ಅಲ್ವಾ.

ವಿಮಾನ ಕಂಪನಿಯ ಹೆಸರಿರುವ ಕಾರ್ಡಿಗೆ ಹೊಸಬರು ಹೋಗಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಮೈಲ್ಸ್ (ವಿಮಾನ ಕಂಪನಿಯ ಪಾಯಿಂಟು) ಇದ್ದರೆ ಸಾಲದು, ಆ ಮೈಲ್ಸ್ ನಡೆಯುವ ವಿಮಾನ ನಮ್ಮೂರಿಂದ ಹಾರಬೇಕು, ನಿಮಗೆ ಬೇಕಾದ ದಿನ ಸೀಟು ಇರಬೇಕು. ಮಂಗಳೂರಿನಿಂದ ಮುಖ್ಯವಾಗಿ ಇರುವುದು ಇಂಡಿಗೋ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಮತ್ತೆ ಕಂಪನಿಯೇ ಉಳಿಯುತ್ತದೆ ಅಂತ ಯಾರು ಹೇಳಿದ್ದು? ಜೆಟ್ ಏರ್‌ವೇಸ್ ಇಲ್ಲಿಂದಲೂ ಹಾರುತ್ತಿತ್ತು, 2019ರ ಏಪ್ರಿಲ್‌ನಲ್ಲಿ ನಿಂತಿತು. ವಿಸ್ತಾರಾ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ವಿಸ್ತಾರಾದವರ ಪಾಯಿಂಟುಗಳನ್ನು ಏರ್ ಇಂಡಿಯಾದ ಕಡೆಗೆ ವರ್ಗ ಮಾಡಿದರು ನಿಜ. ಆದರೆ ಆ ಹೆಸರಿನ ಕಾರ್ಡನ್ನು ಒಂದು ಲೆಕ್ಕ ಇಟ್ಟು ತಗೊಂಡವರಿಗೆ ಆ ಲೆಕ್ಕವೆಲ್ಲ ಬುಡಮೇಲಾಯಿತು. ನಾಡಿದ್ದು ಖರ್ಚು ಮಾಡಲು ಪಾಯಿಂಟು ಕೂಡಿಡುವುದಕ್ಕಿಂತ ಈ ತಿಂಗಳ ಬಿಲ್ಲಿನಲ್ಲೇ ಕಡಿಮೆಯಾಗುವ ನಗದು ವಾಸಿ.

ಹಾಗಾದ್ರೆ ಎಂತ ತಗೊಳ್ಳೋದು ಅಂತ ಕೇಳ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಸಂಬಳ ಬೀಳುವ ಬ್ಯಾಂಕಿನಲ್ಲೇ ಮೊದಲು ಕೇಳುತ್ತಿದ್ದೆ, ಲೈಫ್‌ಟೈಮ್ ಫ್ರೀ, ಅಂದರೆ ವರ್ಷದ ಶುಲ್ಕವೇ ಇಲ್ಲದ ಕಾರ್ಡ್ ಉಂಟಾ ಅಂತ. ನಿಮಗೆ ಇದುವರೆಗೆ ಸಾಲದ ಚರಿತ್ರೆಯೇ ಇಲ್ಲ. ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ಹೇಳುವ ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ, 750 ದಾಟಿದರೆ ಬ್ಯಾಂಕಿನವರು ಮರ್ಯಾದೆ ಕೊಡ್ತಾರೆ. ನಿಮ್ಮದು ಇನ್ನೂ ಶುರುವಾಗಬೇಕಷ್ಟೇ. ಸಂಬಳದ ಖಾತೆ ಇರುವ ಕಡೆ ಹೇಗೂ ನಿಮ್ಮ ವ್ಯವಹಾರ ಅವರಿಗೆ ಕಾಣುತ್ತದೆ. ಅಲ್ಲಿ ಆಗಲಿಲ್ಲ ಅಂದ್ರೆ ಎಫ್‌ಡಿ ಇಟ್ಟು ಅದರ ಮೇಲೆ ಕೊಡುವ ಕಾರ್ಡ್ ತಗೊಳ್ಳಿ. 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಉಡುಪಿಯಲ್ಲಿ ಪಿಗ್ಮಿ ಶುರು ಮಾಡಿದ್ದರು. ಅಂಥ ಜಿಲ್ಲೆಯವರಿಗೆ ಡಿಪಾಸಿಟ್ ಇಡುವುದನ್ನು ನಾನೇನು ಕಲಿಸುವುದು. ಮನೆಯಲ್ಲಿ ಅಪ್ಪ 'ಕಾರ್ಡ್ ಅಂದ್ರೆ ಸಾಲ' ಅಂತ ಬೈದರೂ ಎಫ್‌ಡಿ ಕಾರ್ಡ್ ಅಂದಾಗ ಸ್ವಲ್ಪ ಮೆತ್ತಗಾಗುತ್ತಾರೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ.

ದುಬೈ ಯೋಚನೆ ಇರುವುದರಿಂದ ಇನ್ನೊಂದನ್ನು ನೋಡಲೇಬೇಕು, ಫಾರೆಕ್ಸ್ ಮಾರ್ಕಪ್. ವಿದೇಶಿ ಹಣದಲ್ಲಿ ಮಾಡಿದ ಖರ್ಚಿನ ಮೇಲೆ ಬ್ಯಾಂಕಿನವರು ಹಾಕುವ ಹೆಚ್ಚುವರಿ ಶುಲ್ಕ ಅದು. ಸಾಮಾನ್ಯ ಕಾರ್ಡುಗಳಲ್ಲಿ ಇದು 3.5%, ಜಿಎಸ್‌ಟಿ ಸೇರಿ 4.13%. ಅಲ್ಲಿ 60,000 ರೂಪಾಯಿಯಷ್ಟು ಖರ್ಚು ಮಾಡಿದರೆ ಸುಮ್ನೆ 2,478 ರೂಪಾಯಿ ಹೋಯ್ತು. ನಿಮ್ಮ ವರ್ಷದ ಪಾಯಿಂಟೆಲ್ಲ ಅಲ್ಲೇ ಮುಗಿಯಿತು. ಮಾರ್ಕಪ್ ಇಲ್ಲದ, ವಾರ್ಷಿಕ ಶುಲ್ಕವೂ ಇಲ್ಲದ ಕಾರ್ಡುಗಳು ಇವೆ. ಫೆಡರಲ್ ಬ್ಯಾಂಕಿನ ಸ್ಕೇಪಿಯಾ ಒಂದು, ಎಫ್‌ಡಿ ಇಟ್ಟು ತಗೊಳ್ಳುವ ಐಡಿಎಫ್‌ಸಿ ಫಸ್ಟ್ ವಾವ್ ಇನ್ನೊಂದು. ನಿಮ್ಮಂಥವರಿಗೆ ಈ ಜಾತಿಯ ಕಾರ್ಡೇ ನಿಜವಾದ ಟ್ರಾವೆಲ್ ಕಾರ್ಡ್. ಷರತ್ತುಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಬ್ಯಾಂಕಿನ ವೆಬ್‌ಸೈಟಿನಲ್ಲಿ ಒಮ್ಮೆ ಓದಿಕೊಳ್ಳಿ. ದುಬೈ ಅಂಗಡಿಯಲ್ಲಿ ಸ್ವೈಪ್ ಮಾಡುವಾಗ ಮೆಷಿನ್ ಒಂದು ಪ್ರಶ್ನೆ ಕೇಳಬಹುದು: ರೂಪಾಯಿಯಲ್ಲಾ, ದಿರ್ಹಾಮಲ್ಲಾ? ರೂಪಾಯಿ ಅಂದರೆ ನಮ್ಮವರಿಗೆ ಧೈರ್ಯ. ಆದರೆ ದಿರ್ಹಾಮನ್ನೇ ಒತ್ತಿ. ರೂಪಾಯಿ ಒತ್ತಿದರೆ ಆ ಮೆಷಿನ್ನವರು ತಮ್ಮ ದರ ಹಾಕ್ತಾರೆ, ಅದು ಸಾಮಾನ್ಯವಾಗಿ ದುಬಾರಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ದುಡ್ಡು ತೆಗೆಯುವ ಕೆಲಸಕ್ಕಂತೂ ಹೋಗಬೇಡಿ. ಸಾಮಾನ್ಯವಾಗಿ ಅದಕ್ಕೆ ಬೇರೆ ಶುಲ್ಕ, ತೆಗೆದ ದಿನದಿಂದಲೇ ಬಡ್ಡಿ.

ರೈಲಿನ ಕಾರ್ಡುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ಕರಾವಳಿಯವರಿಗೆ ಅದು ಉಪಯೋಗಕ್ಕೆ ಬರುವಂಥದ್ದು. ಆನ್‌ಲೈನ್ ರೈಲು ಟಿಕೆಟ್ ಕೊಡುವ ಐಆರ್‌ಸಿಟಿಸಿ ಜೊತೆ ಸೇರಿ ಎಸ್‌ಬಿಐ, ಎಚ್‌ಡಿಎಫ್‌ಸಿ, ಬ್ಯಾಂಕ್ ಆಫ್ ಬರೋಡಾ ಕಡೆಯಿಂದ ಕಾರ್ಡುಗಳಿವೆ. ಎಸ್‌ಬಿಐನದ್ದರಲ್ಲಿ ಎಸಿ ಟಿಕೆಟಿಗೆ 10% ವರೆಗೆ ಪಾಯಿಂಟಾಗಿ ವಾಪಸ್ ಬರುತ್ತದೆ, ಅದನ್ನು ಮತ್ತೆ ರೈಲು ಟಿಕೆಟಿಗೇ ಬಳಸಬೇಕು. ಸ್ಲೀಪರ್‌ಗೆ ಇಲ್ಲ. ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ಮೂವರು ಎಸಿಯಲ್ಲಿ ವರ್ಷಕ್ಕೆ ಒಂದೇ ಸಲ ಹೋಗುವುದಾದರೆ ಶುಲ್ಕ ಕಳೆದು ಉಳಿಯುವುದು ಚಿಲ್ಲರೆ. ಎರಡು ಮೂರು ಸಲ ಹೋಗುವ ಮನೆಯಾದರೆ ಯೋಚಿಸಬಹುದು. ಸ್ಲೀಪರ್ ಟಿಕೆಟಿಗೆ ಕಾರ್ಡಿಗಿಂತ ಯುಪಿಐ ವಾಸಿ. ಐಆರ್‌ಸಿಟಿಸಿಯಲ್ಲಿ ಯುಪಿಐಗೆ ಕನ್ವೀನಿಯನ್ಸ್ ಶುಲ್ಕ ಕಾರ್ಡಿಗಿಂತ ಕಡಿಮೆ.

ಯುಪಿಐ ಅಂದಾಗ ನೆನಪಾಯ್ತು. ಆಯ್ಕೆ ಇದ್ದರೆ ರುಪೇ ಕಾರ್ಡ್ ಕೇಳಿ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪಿಗೆ ಜೋಡಿಸಬಹುದು. ನಮ್ಮಲ್ಲಿ ಎಳನೀರಿನವರ ಹತ್ತಿರವೂ ಕ್ಯೂಆರ್ ಉಂಟಲ್ಲ, ಅಲ್ಲೂ ಕಾರ್ಡ್ ನಡೆಯುತ್ತದೆ. ಒಂದೇ ಮಾತು, ಅದು ವ್ಯಾಪಾರಿಯ ಕ್ಯೂಆರ್ ಆಗಿರಬೇಕು. ಮಲ್ಪೆಯಲ್ಲಿ ಮೀನು ಮಾರುವ ಅಕ್ಕ ಮಗನ ಸ್ವಂತ ಖಾತೆಯ ಕ್ಯೂಆರ್ ಇಟ್ಟಿದ್ದರೆ ಅದಕ್ಕೆ ಕ್ರೆಡಿಟ್ ಕಾರ್ಡಿನಿಂದ ದುಡ್ಡು ಹೋಗುವುದಿಲ್ಲ.

ಬ್ಯಾಂಕಿನ ಪೋರ್ಟಲಿನಲ್ಲಿ ಟಿಕೆಟ್ ಮಾಡಿದರೆ ಜಾಸ್ತಿ ಪಾಯಿಂಟು ಅನ್ನುವ ಆಮಿಷವೂ ಬರುತ್ತದೆ. ಮಾಡುವ ಮೊದಲು ವಿಮಾನ ಕಂಪನಿಯ ಸೈಟಿನಲ್ಲಿ ಅದೇ ಟಿಕೆಟ್ ಎಷ್ಟು ಅಂತ ನೋಡಿ. ದರಕ್ಕಿಂತ ದೊಡ್ಡ ತಲೆನೋವು ಹೆಸರು. ನಮ್ಮಲ್ಲಿ ಸುಮಾರು ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲಾ ಅಪ್ಪನ ಹೆಸರು. ಟಿಕೆಟಿನಲ್ಲಿ ಇನಿಷಿಯಲ್ ಹಾಕಿ ಒಬ್ಬರು ಪೋರ್ಟಲಿನಲ್ಲಿ ಗಲ್ಫ್ ಟಿಕೆಟ್ ಮಾಡಿಕೊಂಡಿದ್ದರು. ವಿಮಾನದವರನ್ನು ಕೇಳಿದರೆ 'ಎಲ್ಲಿ ಮಾಡಿಸಿದ್ದೀರೋ ಅಲ್ಲೇ ಕೇಳಿ', ಪೋರ್ಟಲಿನವರು 'ಕಂಪನಿಯಿಂದ ಒಪ್ಪಿಗೆ ಬರಬೇಕು'. ಹೊರಡುವ ಹಿಂದಿನ ಸಂಜೆ ನಮ್ಮ ಆಫೀಸಿಗೆ ಬಂದು ಹೊಸ ಟಿಕೆಟ್ ತಗೊಂಡರು. ನನಗೆ ವ್ಯಾಪಾರ ಆಯ್ತು, ಆದರೆ ಪಾಪ.

ಕಾರ್ಡ್ ಬಂದ ದಿನವೇ ಆಟೋ ಡೆಬಿಟ್ ಹಾಕಿ. ಅಲ್ಲಿ ಎರಡು ಆಯ್ಕೆ ಇರುತ್ತದೆ, ಟೋಟಲ್ ಡ್ಯೂ (ಪೂರ್ತಿ ಬಿಲ್ಲು) ಮತ್ತು ಮಿನಿಮಮ್ ಡ್ಯೂ (ಅದರಲ್ಲಿ ಒಂದು ಸಣ್ಣ ಪಾಲು). ಟೋಟಲ್ ಹಾಕಿ. ಮಿನಿಮಮ್ ಕಟ್ಟಿದರೆ ದಂಡ ಬೀಳುವುದಿಲ್ಲ, ಬಡ್ಡಿ ಬೀಳುತ್ತದೆ. ತಿಂಗಳಿಗೆ 3.5% ಬಡ್ಡಿಯ ಕಾರ್ಡಿನಲ್ಲಿ 20,000 ಉಳಿಸಿಕೊಂಡರೆ ಜಿಎಸ್‌ಟಿ ಸೇರಿ ತಿಂಗಳಿಗೆ 826 ರೂಪಾಯಿ. ಎರಡು ತಿಂಗಳು ಹೀಗಾದರೆ ವರ್ಷದ ಕ್ಯಾಶ್‌ಬ್ಯಾಕ್ ಹೋಯಿತು. ಸಾಲದ್ದಕ್ಕೆ, ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೂ ಆ ದಿನದಿಂದಲೇ ಬಡ್ಡಿ, ಬಡ್ಡಿಯಿಲ್ಲದೆ ಸಿಗುವ 45 ದಿನದವರೆಗಿನ ಸೌಲಭ್ಯ ಇಲ್ಲ.

ಐದು ಸಾವಿರದ ಕಾರ್ಡುಗಳು ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಕಂಪನಿ ಕೆಲಸಕ್ಕೆ ತಿಂಗಳು ತಿಂಗಳು ಹಾರುವವರು, ಟಿಕೆಟ್ ದುಡ್ಡು ಆಮೇಲೆ ಆಫೀಸಿನಿಂದ ವಾಪಸ್ ಬರುವವರು, ವ್ಯಾಪಾರದ ಖರೀದಿ ಕಾರ್ಡಿನಲ್ಲಿ ಮಾಡುವವರು ಅದರಿಂದ ಚೆನ್ನಾಗಿ ಲಾಭ ಮಾಡಿಕೊಳ್ತಾರೆ. ನೀವೂ ಒಂದೆರಡು ವರ್ಷ ಫ್ರೀ ಕಾರ್ಡನ್ನು ಸರಿಯಾಗಿ ನಡೆಸಿ, ಓಡಾಟ ಜಾಸ್ತಿಯಾದರೆ ಆಗ ನೋಡಬಹುದು. ಸದ್ಯಕ್ಕೆ ಒಂದೇ ಕಡೆ ಅರ್ಜಿ ಹಾಕಿ. ನಾಲ್ಕು ಕಡೆ ಒಟ್ಟಿಗೆ ಹಾಕಿದರೆ ಬ್ಯಾಂಕಿನವರು ನಿಮ್ಮ ಬಗ್ಗೆ ವಿಚಾರಿಸಿದ್ದು ಪ್ರತಿಯೊಂದೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ, ಅದು ಅಂಕಕ್ಕೆ ಒಳ್ಳೆಯದಲ್ಲ.

ಕೊನೆಗೆ ಆ ಮಾಲ್‌ನ ಫಾರಂ. ಸಹಿ ಹಾಕಿ ಆಗಿದೆ, ಈಗ ಕಾರ್ಡ್ ಮನೆಗೆ ಬಂದರೆ ಎಂತ ಮಾಡುವುದು ಅಂತ ಕೇಳಿದ್ದೀರಿ. ಆ್ಯಕ್ಟಿವೇಟ್ ಮಾಡಬೇಡಿ, ಫೋನಿನಲ್ಲಿ ಯಾರು ಕೇಳಿದರೂ ಒಟಿಪಿ ಕೊಡಬೇಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡ್ ಕೊಟ್ಟು 30 ದಿನ ದಾಟಿದರೂ ಆ್ಯಕ್ಟಿವೇಟ್ ಆಗದಿದ್ದರೆ ಅವರು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ನೀವು ಒಪ್ಪದಿದ್ದರೆ ಏಳು ಕೆಲಸದ ದಿನಗಳೊಳಗೆ ಏನೂ ಶುಲ್ಕ ಇಲ್ಲದೆ ಮುಚ್ಚಬೇಕು. ಅಷ್ಟು ದಿನ ಕಾಯುವುದು ಬೇಡ ಅಂದರೆ ಇವತ್ತೇ ಅವರ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ, ಅರ್ಜಿ ರದ್ದು ಮಾಡಿ ಅಂತ ಎರಡು ಸಾಲು ಬರೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಇಮೇಲಿಗೆ ಇರುತ್ತದೆ.