ಇದರಲ್ಲಿ ಬೇರೆಲ್ಲಿದೆ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಗಿಡ ಬೇರಿನಿಂದ ನೀರು ಹೀರುತ್ತೆ ಅಂತ ಪ್ರಯೋಗ ಮಾಡಿ ತೋರಿಸಬೇಕಂತೆ. ಕರ್ಣಕುಂಡಲದ ದಂಟು ಕತ್ತರಿಸಿ ಕೆಂಪು ಇಂಕಿನ ನೀರಲ್ಲಿಟ್ಟಳು, ಬಣ್ಣ ಚೆನ್ನಾಗಿ ಏರಿತು. ಟೀಚರ್ ಮಾತ್ರ "ಇದರಲ್ಲಿ ಬೇರೆಲ್ಲಿದೆ?" ಅಂದರು. ಬೇರು ಸಮೇತ ಕಿತ್ತು ತಂದಿಟ್ಟರೆ ಮಧ್ಯಾಹ್ನದೊಳಗೆ ಬಾಡಿತು. ಎಲ್ಲಿ ತಪ್ಪಿದೆವು?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಟೀಚರ್ ಕೇಳಿದ್ದು ಸರಿಯಾಗೇ ಇದೆ. ಕತ್ತರಿಸಿದ ದಂಟು ತೋರಿಸೋದು ನೀರು ಮೇಲೇರುವ ದಾರಿಯನ್ನು, ಬೇರಿನ ಕೆಲಸವನ್ನಲ್ಲ.

ನೀವು ತಪ್ಪಿದ್ದು ಕೀಳುವಾಗ. ಹೆಚ್ಚಿನ ನೀರು ಒಳಗೆ ಹೋಗೋದು ಬೇರಿನ ತುದಿಯ ಹತ್ತಿರ ಇರುವ ಸಣ್ಣ ಸಣ್ಣ ರೋಮಗಳಿಂದ. ಒಂದೊಂದು ರೋಮವೂ ಒಂದೇ ಜೀವಕೋಶ, ಎಳೆದರೆ ಮಣ್ಣಲ್ಲೇ ಹರಿದು ಉಳಿಯುತ್ತೆ. ತೋಟದಲ್ಲಿ ಕಾಫಿ ಸಸಿ ನೆಡುವಾಗ ಚೀಲದ ಮಣ್ಣುಂಡೆ ಒಡೆಯದ ಹಾಗೆ ಇಳಿಸ್ತಾರಲ್ವಾ, ಅದು ಇದಕ್ಕೇ. ಮಗಳಿಗೆ ಆ ರೋಮ ತೋರಿಸಬೇಕಾ? ಒದ್ದೆ ಬಟ್ಟೆ ಮೇಲೆ ಸಾಸಿವೆ ಹಾಕಿ, ತಟ್ಟೆ ಮುಚ್ಚಿಡಿ. ಎರಡು ಮೂರು ದಿನಕ್ಕೆ ಬೇರಿನ ಸುತ್ತ ಬಿಳಿ ನವಿರು ಬರುತ್ತೆ. ಬೂಸ್ಟು ಬಂತು ಅಂತ ಎಸೆದುಬಿಡಬೇಡಿ, ರೋಮ ಅಂದರೆ ಅದೇ!

ಈಗ ಪ್ರಯೋಗ. ಕರ್ಣಕುಂಡಲವೇ ಇರಲಿ. ಬುಡಕ್ಕೆ ಚೆನ್ನಾಗಿ ನೀರು ಹಾಕಿ ನೆನೆಸಿ, ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಲ್ಲಿ ಅಲ್ಲಾಡಿಸದೆ ಇಳಿಬಿಟ್ಟರೆ ಮಣ್ಣು ತಾನಾಗೇ ಕಳಚುತ್ತೆ. ಒಂದೇ ಥರದ ಎರಡು ಗಾಜಿನ ಬಾಟಲಿಗೆ ಒಂದೇ ಮಟ್ಟಕ್ಕೆ ನೀರು ತುಂಬಿ, ಒಂದರಲ್ಲಿ ಮಾತ್ರ ಗಿಡ ಇಡಿ. ಎರಡರ ಮೇಲೂ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಇಲ್ಲದಿದ್ದರೆ ನೀರು ಸುಮ್ನೆ ಆವಿಯಾಗಿ ಹೋಯ್ತು ಅಂತ ಯಾರಾದರೂ ಹೇಳಬಹುದು, ಆಗ ಉತ್ತರ ಇರೋಲ್ಲ. ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಮಾರನೇ ದಿನ ನೋಡಿ. ಗಿಡ ಇರುವ ಬಾಟಲಿಯಲ್ಲಿ ಮಾತ್ರ ನೀರು ಗೆರೆಯಿಂದ ಕೆಳಗಿಳಿದಿರುತ್ತೆ.

ಇನ್ನೊಂದು ಗಿಡ ಸಿಕ್ಕರೆ ಮೂರನೇ ಬಾಟಲಿಗೆ ಎರಡು ಚಮಚ ಉಪ್ಪು ಕದಡಿ ಅದರಲ್ಲಿಡಿ. ನೀರಲ್ಲೇ ನಿಂತು ಬಾಡುತ್ತೆ! ಬೇರಿನೊಳಗಿನ ರಸ ಹೊರಗಿನ ನೀರಿಗಿಂತ ಗಾಢವಾಗಿದ್ದರೆ ನೀರು ಒಳಗೆ ಬರುತ್ತೆ, ಹೊರಗೆ ಉಪ್ಪು ಜಾಸ್ತಿಯಾದರೆ ಅದು ಉಲ್ಟಾ. ಎಳೆ ಗಿಡದ ಬುಡಕ್ಕೇ ಗೊಬ್ಬರ ಸುರಿದರೆ ಗಿಡ ಸುಡೋದೂ ಹೀಗೇ.

ಆದಷ್ಟು ಬಿಸಿಲು ಬಿದ್ದ ದಿನ ಮಾಡಿ. ಎಲೆಯಿಂದ ನೀರು ಆರಿದಷ್ಟೂ ಬೇರು ಎಳೆದುಕೊಳ್ಳುತ್ತೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ, ಮಂಜಿನಲ್ಲಿ ಎಲೆ ಆರೋದೇ ಕಷ್ಟ, ಗೆರೆಯಿಂದ ನೀರು ಕದಲಲು ಮೂರ್ನಾಲ್ಕು ದಿನ ಹಿಡಿದರೂ ಹಿಡಿಯಬಹುದು. ಅಲ್ಲಿವರೆಗೂ ಬಾಟಲಿ ಎತ್ತಿಡಬೇಡಿ.