ಕುದುರೆ ಗೊರಸಿಗೆ ದಿನಾ ಯಾವ ಎಣ್ಣೆ ಹಚ್ಚಿದ್ರೆ ಒಳ್ಳೇದು?

ಎಣ್ಣೆ ವಿಷ್ಯ ಆಮೇಲೆ. ನೀವು ಕೊನೇಲಿ ಬರ್ದಿದೀರಲ್ಲ, "ಒಂದು ಹಿಂಗಾಲು ಎತ್ತಕ್ಕೆ ಬಿಡಲ್ಲ, ಅದನ್ನ ಮಾತ್ರ ವಾರಕ್ಕೊಂದ್ಸಲ ಕ್ಲೀನ್ ಮಾಡ್ತೀನಿ" ಅಂತ, ಅದನ್ನ ಓದಿ ನನ್ನ ಎದೆ ಧಸಕ್ ಅಂತು.

ನಂಜನಗೂಡು ಹತ್ರ ನಮ್ಮ ತೋಟದಲ್ಲಿ ಗೌರಿ ಅಂತ ಕಾಠಿಯಾವಾಡಿ ಹೆಣ್ಣು ಕುದುರೆ ಸಾಕಿದ್ದೆ. ಮೂರು ಕಾಲು ಆರಾಮಾಗಿ ಕೊಡೋದು, ಎಡ ಹಿಂಗಾಲು ಮುಟ್ಟಿದ್ರೆ ಮಾತ್ರ ಝಾಡಿಸೋದು. ಒಂದ್ಸಲ ನನ್ನ ತೊಡೆಗೇ ಬಿತ್ತು, ಆವತ್ತಿಂದ ಆ ಕಾಲಿಗೆ ಪೈಪಲ್ಲಿ ನೀರು ಬಿಡೋದು, ಮೇಲಿಂದ ಎಣ್ಣೆ ಬಳಿಯೋದು, ಅಷ್ಟೇ. ಫಳಫಳ ಅಂತಿತ್ತು, ಚೆನ್ನಾಗಿದೆ ಅಂದ್ಕೊಂಡೆ.

ಇಲ್ಲೇ ನೋಡಿ ನಾನು ಕೆಟ್ಟಿದ್ದು. ಗೊರಸಿನ ಆರೋಗ್ಯ ಹೊರಗಡೆ ಕಾಣಲ್ಲ, ಕಾಲೆತ್ತಿ ಅಡಿ ನೋಡ್ಬೇಕು. ಅಡೀಲಿ ನಡುವೆ ಮೂರು ಮೂಲೆಯ ರಬ್ಬರ್ ಥರದ ಭಾಗ ಇದೆ, ಫ್ರಾಗ್ ಅಂತಾರೆ, ಅದರ ಎರಡೂ ಪಕ್ಕ ಆಳವಾದ ಸಂದು, ಮಧ್ಯದಲ್ಲೊಂದು ಗೀರು. ಆ ಸಂದೀಲಿ ಲದ್ದಿ, ಕೆಸರು ಗಟ್ಟಿಯಾಗಿ ಕೂತ್ಕೊಂಡ್ರೆ ಒಳಗೆ ಗಾಳಿ ಹೋಗಲ್ಲ, ಗಾಳಿ ಇಲ್ದಿರೋ ಕಡೇನೇ ಬೆಳೆಯೋ ಬ್ಯಾಕ್ಟೀರಿಯಾಗೆ ಅದು ಹಬ್ಬ. ನಾನು ಅದನ್ನ ತೆಗೀದೆ ದಿನಾ ನೀರು ಬಿಟ್ಟೆ, ಒರೆಸ್ಲಿಲ್ಲ, ಒದ್ದೆ ಮೇಲೆ ಎಣ್ಣೆ ಬಳಿದೆ, ಅದೂ ಮಳೆಗಾಲದಲ್ಲಿ, ಮೂರು ವಾರ. ಒದೀತು ಅನ್ನೋ ಭಯಕ್ಕೆ ಯಾವ ಕಾಲು ಬಿಟ್ನೋ ಆ ಕಾಲೇ ಕೊಳೀತು. ಬಹುಶಃ ಮೊದಲಿಂದ್ಲೇ ನೋವಿತ್ತು, ಅದಕ್ಕೇ ಕೊಡ್ತಿರ್ಲಿಲ್ಲ. ಅದನ್ನ ಹಠ ಅಂದ್ಕೊಂಡಿದ್ದು ನಾನು.

ಒಂದಿನ ಬೆಳಿಗ್ಗೆ ಆ ಕಾಲಿನ ತುದಿ ಮಾತ್ರ ಊರ್ಕೊಂಡು ನಿಂತಿತ್ತು. ಮೈಸೂರಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಹೊಡೆಯೋ ಒಬ್ಬ ವಯಸ್ಸಾದ ಸಾಬ್ರನ್ನ ಕರ್ಕೊಂಡ್ ಬಂದೆ. ಅವರು ಹೇಗೋ ಪುಸಲಾಯಿಸಿ ಕಾಲೆತ್ತಿದ್ರು, ನಡುವಿನ ಗೀರಲ್ಲಿ ಹತ್ತಿ ಸುತ್ತಿದ ಕಡ್ಡಿ ಇಟ್ರೆ ಅರ್ಧ ಬೆರಳಷ್ಟು ಒಳಗೆ ಹೋಯ್ತು, ಈಚೆ ತೆಗೆದ್ರೆ ಕಪ್ಪು ಕೀವು, ಸತ್ತ ಇಲಿ ವಾಸನೆ. "ಇದಕ್ಕೆ ನಾನಲ್ಲಪ್ಪ, ಡಾಕ್ಟ್ರನ್ನ ಕರೆಸು" ಅಂದ್ರು. ಥ್ರಷ್ ಅಂತೆ, ಅಂದ್ರೆ ಫ್ರಾಗ್ ಕೊಳೆಯೋ ರೋಗ. ಡಾಕ್ಟ್ರು ಸತ್ತ ಭಾಗ ಕತ್ತರಿಸಿ ಟೆಟನಸ್ ಇಂಜೆಕ್ಷನ್ ಹಾಕಿದ್ರು, ಪೊವಿಡೋನ್ ಅಯೋಡಿನ್ ಅದ್ದಿದ ಹತ್ತಿ ದಿನಾ ತುರುಕಿ ಲಾಯ ಒಣಗಿಸಿ ಇಡಕ್ಕೆ ಹೇಳಿದ್ರು. ಎರಡು ತಿಂಗಳು ಸವಾರಿ ಇಲ್ಲ. ಆ ಎರಡು ತಿಂಗಳು ಅದರ ಮುಖ ನೋಡಕ್ಕೆ ನನಗೆ ಆಗ್ತಿರ್ಲಿಲ್ಲ.

ಹಾಗಾಗಿ ಎಣ್ಣೆ ಬ್ರ್ಯಾಂಡ್ ಹುಡುಕೋದು ಬಿಡಿ. ಮುಂಗಾಲಿಗೆ ಕುದುರೆಯ ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಂತು, ಕೈ ತೆಗೀದೆ ಮೇಲಿಂದ ಸವರ್ಕೊಂಡು ಇಳಿಸಿ (ಹಿಂಗಾಲಿಗೆ ಸೊಂಟದ ಪಕ್ಕ ಒತ್ಕೊಂಡೇ ನಿಲ್ಲಿ, ದೂರ ನಿಂತ್ರೇನೇ ಒದೆ ಜೋರು), ಕಾಲೆತ್ತಿ, ಅಡೀಲಿರೋ ಕೊಳೆನ ಹಿಮ್ಮಡಿಯಿಂದ ತುದಿ ಕಡೆಗೆ ಕೆರೆದು ತೆಗೀರಿ. ಮೊದಲ ದಿನ ಎರಡೇ ಸೆಕೆಂಡ್ ಎತ್ತಿದ್ರೂ ಸಾಕು, ಅದು ಎಳ್ಕೊಳ್ಳೋ ಮುಂಚೆ ನೀವೇ ಇಳಿಸಿ. ಕೈ ಸವರೋವಾಗ್ಲೇ ಬಿಸಿ, ಊತ ಗೊತ್ತಾಗತ್ತೆ. ಗೆಣ್ಣಿನ (ಗೊರಸಿನ ಮೇಲಿರೋ ಕೀಲು) ಹಿಂದೆ ಎರಡೂ ಪಕ್ಕ ಬೆರಳಿಟ್ರೆ ನಾಡಿ ಸಣ್ಣಗೆ ಸಿಗ್ಬೇಕು, ಢವಢವ ಅಂತಿದ್ರೆ ಡಾಕ್ಟ್ರಿಗೆ ಫೋನ್ ಮಾಡಿ. ತೊಳೆದ್ರೆ ಗೆಣ್ಣಿನ ಹಿಂದಿನ ಮಡಿಕೆ ತನಕ ಬಟ್ಟೇಲಿ ಒರೆಸಿ, ಇಲ್ದಿದ್ರೆ ಅಲ್ಲಿ ಚರ್ಮ ಹುಣ್ಣಾಗತ್ತೆ. ಲಾಳ ಸವೀದೇ ಇದ್ರೂ ಸುಮಾರು 6 ವಾರಕ್ಕೆ ತೆಗೆಸಿ ಗೊರಸು ಟ್ರಿಮ್ ಮಾಡ್ಸಿ, ಯಾಕಂದ್ರೆ ಗೊರಸು ಬೆಳೀತಾನೇ ಇರತ್ತೆ.

ಇವತ್ತು ಸಂಜೆನೇ ಇನ್ನೊಬ್ಬರ ಕೈಲಿ ಹಗ್ಗ ಹಿಡಿಸಿ ಆ ಕಾಲು ಎತ್ತಿ, ಕೆರೆದು ಬಂದಿದ್ದನ್ನ ಮೂಸಿ ನೋಡಿ. ಕೊಳೆತ ವಾಸನೆ ಬಂದ್ರೆ ನಾಳೆ ತನಕ ಕಾಯ್ಬೇಡಿ.