ಆ ಹಳೇ ಹೀಟರ್ ಬಾಕ್ಸ್ ಗುಜರಿಗೆ ಹಾಕಬೇಡಿ ಮಾರಾಯ್ರೆ

ತೀರ್ಥಹಳ್ಳಿಯವರೇ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ನೋಡಿದೆ. ನಿಮ್ಮ ಹಳೇ ಫೋಕ್ಸ್‌ವ್ಯಾಗನ್ ಕಾರು ಕಾರ್ಮನ್ ಗಿಯಾಗೆ ಹೊಸ ಫೋರ್-ಇನ್-ಒನ್ ಹೆಡರ್ (ನಾಲ್ಕೂ ಸಿಲಿಂಡರಿನ ಹೊಗೆ ಪೈಪುಗಳನ್ನು ಒಂದಾಗಿ ಸೇರಿಸುವ ಸೆಟ್) ಹಾಕಿಸಿದ್ದೀರಿ, ಜೊತೆಗೆ ಫಳಫಳ ಹೊಳೆಯುವ ಹೊಸ ಹೀಟರ್ ಬಾಕ್ಸ್, ಅಂದರೆ ಹೊಗೆ ಪೈಪಿನ ಬಿಸಿಯಿಂದ ಕಾರಿನೊಳಗಿನ ಗಾಳಿ ಕಾಯಿಸುವ ಡಬ್ಬಿ. ಸೌಂಡ್ ಚೆನ್ನಾಗಿದೆ, ಪಿಕಪ್ ಚೆನ್ನಾಗಿದೆ. ಆದರೆ ಒಳಗೆ ಬಿಸಿ ಗಾಳಿ ಬಾಯಲ್ಲಿ ಊದಿದಷ್ಟೇ. ಆಗುಂಬೆ ಘಾಟಿ ಇಳಿಯುವಾಗ ಎದುರಿನ ಗಾಜೆಲ್ಲ ಮಬ್ಬು. ಅದಕ್ಕೆ ಹೆಡರ್‌ಗೆ ಹೀಟ್ ಟೇಪ್ ಸುತ್ತುವುದಾ, ಇಲ್ಲ ಡ್ಯಾಶ್ ಕೆಳಗೆ 12 ವೋಲ್ಟಿನ ಹೀಟರ್ ಇಡುವುದಾ ಅಂತ ಕೇಳಿದ್ದೀರಿ.

ಅದಕ್ಕೆಲ್ಲ ಆಮೇಲೆ ಬರುತ್ತೇನೆ. ಫೋಟೋದ ಮೂಲೆಯಲ್ಲಿ ಗೋಣಿಚೀಲದ ಮೇಲೆ ತುಕ್ಕು ಹಿಡಿದ ಎರಡು ಹಳೇ ಬಾಕ್ಸ್ ಕಾಣುತ್ತಿವೆ. 'ಈ ವಾರ ಗುಜರಿಯವನು ಬರ್ತಾನೆ' ಅಂತ ಬೇರೆ ಬರೆದಿದ್ದೀರಿ. ಮೊದಲು ಅವನಿಗೆ ಫೋನ್ ಮಾಡಿ, ಬರಬೇಡ ಅನ್ನಿ.

ನಾನು ಇದೇ ತಪ್ಪು ಮಾಡಿ ಕೈ ಸುಟ್ಟುಕೊಂಡವನು. ನನ್ನದು 1968ರ ಬೀಟಲ್, ಸಾಗರದಲ್ಲಿದೆ. ನಿಮ್ಮ ಗಿಯಾ ಮೇಲೆ ನೋಡಲು ಸ್ಪೋರ್ಟ್ಸ್ ಕಾರು, ಹೊಟ್ಟೆಯೊಳಗೆ ಇರುವುದು ಅದೇ ಬೀಟಲ್ ಇಂಜಿನ್, ಅದೇ ಹೀಟರ್. ಹೆಡರ್ ಹುಚ್ಚು ಹಿಡಿದಿದ್ದಾಗ ನಾನೂ ಹೊಸ ಬಾಕ್ಸ್ ತರಿಸಿ ಹಳೆಯದನ್ನು ಬಿಚ್ಚಿ ಬಿಸಾಕಿದೆ. ಗುಜರಿಯವನು ತಕ್ಕಡಿಗೆ ಹಾಕಿದಾಗ ತಟ್ಟೆ ದಡಕ್ಕನೆ ಕೆಳಗೆ ಹೋಯಿತು. 'ಏನ್ ಸ್ವಾಮಿ, ಒಳಗೆ ಏನಿದೆ?' ಅಂತ ಅವನೇ ಕೇಳಿದ. ಹೊಸ ಬಾಕ್ಸನ್ನು ನಾನು ಎರಡು ಬೆರಳಲ್ಲಿ ಎತ್ತಿಕೊಂಡು ಓಡಾಡುತ್ತಿದ್ದೆ. ಆಗಲೇ ತಲೆ ಓಡಬೇಕಿತ್ತು, ಓಡಲಿಲ್ಲ. ಕೊಟ್ಟ ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡೆ.

ಒಳಗೆ ಏನಿತ್ತು ಅಂದರೆ ಅಲ್ಯೂಮಿನಿಯಂ. ಕಂಪನಿಯ ಬಾಕ್ಸ್‌ನಲ್ಲಿ ಹೊಗೆ ಹೋಗುವ ಪೈಪಿನ ಸುತ್ತ ಎರಕ ಹೊಯ್ದ ದಪ್ಪ ಫಿನ್‌ಗಳು, ಅಂದರೆ ರೆಕ್ಕೆಯಂಥ ಪಟ್ಟಿಗಳು, ಇರುತ್ತವೆ. ಫ್ಯಾನಿನ ಗಾಳಿ ಆ ಫಿನ್‌ಗಳ ಸಂದಿಯಲ್ಲಿ ನುಗ್ಗಿ ಬಿಸಿಯಾಗಿ ಹೊರಗೆ ಬರುತ್ತದೆ. ಅಗ್ಗದ ನಕಲಿನಲ್ಲಿ ಇರುವುದು ಬೋಳು ಪೈಪು, ಅದರ ಮೇಲೊಂದು ತಗಡಿನ ಅಂಗಿ, ಅಷ್ಟೇ. ಗಾಳಿ ಪೈಪಿನ ಪಕ್ಕದಲ್ಲಿ ಹಾದು ಹೋಗುತ್ತದೆ, ಬಿಸಿ ಹಿಡಿಯುವುದಿಲ್ಲ. ದೀಪದ ಮೇಲೆ ಬೆರಳು ಸರ್ರನೆ ಆಡಿಸಿದರೆ ಸುಡುತ್ತದಾ? ಹಾಗೆ. ನಿಮ್ಮ ಹೊಸ ಬಾಕ್ಸಿನ ಗಾಳಿ ಹೋಗುವ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಫಿನ್ ಕಾಣದೆ ಬರೀ ಪೈಪ್ ಕಂಡರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ನನ್ನ ಹೊಸ ಬಾಕ್ಸ್ ಯಾವ ಬ್ರ್ಯಾಂಡ್ ಅಂತ ಹೇಳುವುದಿಲ್ಲ. ಬಣ್ಣ ದಸರಾ ಹೊತ್ತಿಗೆ ಎದ್ದು ಬಂತು, ಇಂಜಿನ್ನಿಗೆ ಕೂರುವ ಅಂಚು (ಫ್ಲ್ಯಾಂಜ್) ಸಮ ಇರಲಿಲ್ಲ, ಗಾಜಿನ ಮೇಲೆ ಹಾಕಿ ಉಜ್ಜಿ ಸಮ ಮಾಡಬೇಕಾಯಿತು.

ಹೆಡರ್‌ನದ್ದು ಅಷ್ಟೇನೂ ತಪ್ಪಿಲ್ಲ, ಅದನ್ನು ಸುಮ್ನೆ ಬೈಯಬೇಡಿ. ಈ ಇಂಜಿನ್‌ನಲ್ಲಿ ಮುಂದಿನ ಎರಡು ಸಿಲಿಂಡರ್, ಅಂದರೆ 1 ಮತ್ತು 3, ಅವುಗಳ ಹೊಗೆ ಮಾತ್ರ ಹೀಟರ್ ಬಾಕ್ಸ್ ಒಳಗೆ ಹಾಯುತ್ತದೆ. 2 ಮತ್ತು 4 ಹಿಂದಿನಿಂದ ನೇರ ಸೈಲೆನ್ಸರ್‌ಗೆ. ನೀವು ಹೆಡರ್ ಹಾಕಿದ್ದು ಸೈಲೆನ್ಸರ್ ಜಾಗದಲ್ಲಿ. ಬಾಕ್ಸ್ ಒಳ್ಳೆಯದಿದ್ದರೆ ಹೆಡರ್ ಇದ್ದರೂ ಬಿಸಿ ಬರಲೇಬೇಕು. ನನ್ನ ಗಾಡಿಯಲ್ಲಿ ಈಗ ಅದೇ ಹೆಡರ್, ಬೇರೆಯವರಿಂದ ಹುಡುಕಿ ತಂದ ಹಳೇ ಜರ್ಮನ್ ಬಾಕ್ಸ್. ಹುಡುಕಲು ನಾಲ್ಕು ವರ್ಷ ಹಿಡಿಯಿತು. ಕೊಟ್ಟ ಬೆಲೆ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಅಂದ ಹಾಗೆ, ಕೂಲೆಂಟ್ ಫ್ಲಶ್ ಮಾಡಿ, ಹೀಟರ್ ಕೋರ್ (ಇಂಜಿನ್ನಿನ ಬಿಸಿನೀರು ಹರಿಯುವ ಸಣ್ಣ ರೇಡಿಯೇಟರ್) ಬ್ಲಾಕ್ ಆಗಿರಬಹುದು ಅಂತ ಮೇಲಿನ ಕಾಮೆಂಟಿನಲ್ಲಿ ಇಬ್ಬರು ಬರೆದಿದ್ದಾರೆ. ದೊಡ್ಡ ನಮಸ್ಕಾರ. ಈ ಇಂಜಿನ್‌ನಲ್ಲಿ ನೀರೇ ಇಲ್ಲ, ಫ್ಯಾನಿನ ಗಾಳಿಯಿಂದಲೇ ತಣ್ಣಗಾಗುತ್ತದೆ. ಪೋಸ್ಟ್ ಓದಿ ಉತ್ತರ ಬರೆಯಿರಿ.

ಈಗ ನಿಮ್ಮ ಎರಡನೇ ಫೋಟೋ. ಫ್ಯಾನ್ ಶ್ರೌಡಿನಿಂದ, ಅಂದರೆ ಫ್ಯಾನ್ ಮುಚ್ಚಿರುವ ತಗಡಿನ ಕವಚದಿಂದ, ಎರಡೂ ಕಡೆ ಒಂದೊಂದು ಹೋಸ್ ಕೆಳಗಿನ ಬಾಕ್ಸಿಗೆ ಇಳಿಯಬೇಕು. ನಿಮ್ಮದರಲ್ಲಿ ಎಡಗಡೆ ಹೋಸ್ ಇಲ್ಲ. ಶ್ರೌಡಿನ ಬಾಯಿಗೆ ಬಟ್ಟೆ ತುರುಕಿ ಮೇಲೆ ಟೇಪ್ ಸುತ್ತಿದ್ದಾರೆ. ಹೆಡರ್ ಪೈಪ್ ಅಡ್ಡ ಬಂತು ಅಂತ ಗ್ಯಾರೇಜಿನವರು ಬಿಟ್ಟಿರಬೇಕು. ಎಡಗಡೆ ಬಾಕ್ಸಿಗೆ ಗಾಳಿಯೇ ಹೋಗದಿದ್ದರೆ ಬಿಸಿ ಎಲ್ಲಿಂದ ಬರಬೇಕು? ಆ ಬಟ್ಟೆಯನ್ನು ಇವತ್ತೇ ತೆಗೆಯಿರಿ, ಕಾದ ಇಂಜಿನ್ ಪಕ್ಕ ಅದು ಇರಬಾರದು. ಹಾಗಂತ ಬಾಯಿ ತೆರೆದೂ ಬಿಡಬೇಡಿ, ಸಿಲಿಂಡರ್ ತಂಪು ಮಾಡಬೇಕಾದ ಗಾಳಿ ಅಲ್ಲಿಂದ ಪೋಲಾಗುತ್ತದೆ. ಹೋಸ್ ಬರುವ ತನಕ ತಗಡಿನ ಮುಚ್ಚಳ ಹಾಕಿ. ಹೋಸ್ ತರುವಾಗ ಹಳೇ ತುಂಡು ಜೊತೆಗೆ ಒಯ್ದು ಅಳತೆ ನೋಡಿಯೇ ತನ್ನಿ. ಟ್ರ್ಯಾಕ್ಟರ್ ರಬ್ಬರ್ ಹೋಸ್, ವಾಷಿಂಗ್ ಮೆಷಿನ್ ಪೈಪ್ ಎಲ್ಲ ಬೇಡ. ಕರಗುತ್ತದೆ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಇದು ಅನುಭವದ ಮಾತು.

ಅದೇ ಫೋಟೋದಲ್ಲಿ ಇನ್ನೊಂದು ಕಂಡಿತು, ಇದು ಬಿಸಿಗಿಂತ ಮುಖ್ಯ. ಹೆಡರ್ ಕೂರಲಿ ಅಂತ ಹಿಂದಿನ ತಗಡನ್ನು ಕತ್ತರಿಸಿದ್ದಾರೆ. ಆ ತಗಡು, ಅದರ ಸುತ್ತ ಇರುವ ರಬ್ಬರ್ ಪಟ್ಟಿ, ಇವೆಲ್ಲ ಇಂಜಿನ್ನಿನ ಮೇಲಿನ ಗಾಳಿಯನ್ನೂ ಕೆಳಗಿನ ಹೊಗೆಯನ್ನೂ ಬೇರೆ ಬೇರೆ ಇಡುವುದಕ್ಕೆ ಇರುವುದು. ಸಂದಿ ಬಿಟ್ಟರೆ ಫ್ಯಾನ್ ಕೆಳಗಿನ ಬಿಸಿ ಗಾಳಿಯನ್ನು ಎಳೆಯುತ್ತದೆ. ಜೊತೆಗೆ ಹೆಡರ್ ಜಾಯಿಂಟ್ ಸ್ವಲ್ಪ ಸೋರುತ್ತಿದ್ದರೆ ಆ ಹೊಗೆಯೂ ಫ್ಯಾನಿಗೆ, ಅಲ್ಲಿಂದ ಬಾಕ್ಸಿಗೆ, ಅಲ್ಲಿಂದ ನಿಮ್ಮ ಮೂಗಿಗೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಒಂದು ಆಷಾಢದಲ್ಲಿ ಕುಂದಾಪುರಕ್ಕೆ ಹೊರಟು ಹುಲಿಕಲ್ ಘಾಟಿ ಇಳಿಯುತ್ತಿದ್ದೆವು. ಜೋರು ಮಳೆ, ಗಾಜು ಪೂರ್ತಿ ಮೇಲೆ. ಹೆಂಡತಿ ತಲೆ ಸಿಡಿಯುತ್ತಿದೆ ಅಂದಳು. ಘಾಟಿ ತಿರುವಿಗೆ ಅಂದುಕೊಂಡೆ. ಹಿಂದೆ ಮಗಳು ಎಬ್ಬಿಸಿದರೆ ಏಳುತ್ತಿಲ್ಲ. ಗಾಡಿ ನಿಲ್ಲಿಸಿ ಮಳೆಯಲ್ಲೇ ಎರಡೂ ಬಾಗಿಲು ತೆಗೆದು ಹೊರಗೆ ಎತ್ತಿಕೊಂಡೆ. ಐದು ನಿಮಿಷಕ್ಕೆ ಕಣ್ಣು ಬಿಟ್ಟಳು, ವಾಂತಿ ಮಾಡಿದಳು. ಮನೆಗೆ ಬಂದು ನೋಡಿದರೆ ಬಾಕ್ಸ್ ಮತ್ತು ಹೆಡರ್ ಸೇರುವ ಕ್ಲ್ಯಾಂಪ್ ಸುತ್ತ ಕಪ್ಪು ಮಸಿ. ಸಿಲಿಕೋನ್ ಪೇಸ್ಟ್ ಹಚ್ಚಿ ಕೂರಿಸಿದ್ದರು, ಸುಟ್ಟು ಉದುರಿ ಹೋಗಿತ್ತು. ಎಕ್ಸಾಸ್ಟ್ ಜಾಯಿಂಟಿಗೆ ಸಿಲಿಕೋನ್ ಹಚ್ಚುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಅಲ್ಲಿಗೆ ರಿಂಗ್ ಇದೆ, ಹೊಸದು ಹಾಕಿ, ಹೊಸ ಕ್ಲ್ಯಾಂಪ್ ಹಾಕಿ. ಹೆಡ್ಡಿನ ಕಡೆ ಹೊಸ ಗ್ಯಾಸ್ಕೆಟ್, ನಟ್ ಸುಮಾರು 20 ನ್ಯೂಟನ್ ಮೀಟರ್, ಜಾಸ್ತಿ ಬಿಗಿದರೆ ಸ್ಟಡ್ ಕೈಗೆ ಬರುತ್ತದೆ. ಒಂದೆರಡು ಸಲ ಓಡಿಸಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ, ಒಂದು ತಂದು ಒಳಗೆ ಇಡಿ. ಹೆಡರ್‌ಗೆ ಸುರಿದ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಇದೇ ಕಾರಣಕ್ಕೆ ಹಳೇ ಬಾಕ್ಸನ್ನೂ ಕಣ್ಣು ಮುಚ್ಚಿ ಹಾಕಬೇಡಿ. ಹೊರಗಿನ ತುಕ್ಕು ಏನೂ ಅಲ್ಲ, ವೈರ್ ಬ್ರಷ್ ಹಾಕಿದರೆ ಹೋಗುತ್ತದೆ. ನೋಡಬೇಕಾದ್ದು ಒಳಗಿನ ಹೊಗೆ ಪೈಪ್. ಒಂದು ತುದಿಗೆ ಗಟ್ಟಿ ರಬ್ಬರ್ ಬಿರಡೆ ಹಾಕಿ, ನೆಟ್ಟಗೆ ನಿಲ್ಲಿಸಿ, ಪೈಪಿಗೆ ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಇಳಿದಿದ್ದರೆ, ಹೊರಗಿನ ತಗಡಿನ ಒಳಗೆ ಪಸೆ ಕಂಡರೆ, ಒಳಗೆ ತೂತಿದೆ. ಅಂಥದ್ದನ್ನು ಮಾತ್ರ ಗುಜರಿಗೆ ಕೊಡಿ, ವೆಲ್ಡಿಂಗ್ ಆಟ ಬೇಡ. ಹೆಡರ್ ಸೇರುವ ತುದಿಯಷ್ಟೇ ಸವೆದಿದ್ದರೆ ಹೊಸ ತುಂಡು ಹಾಕಿ ಮಿಗ್ ವೆಲ್ಡ್ ಮಾಡಿಸಬಹುದು, ಆಮೇಲೆ ಮತ್ತೆ ನೀರಿನ ಪರೀಕ್ಷೆ. ಸಿಲಿಂಡರ್ ಅಡಿಯಲ್ಲಿ ಹಾಯುವ ಪುಶ್‌ರಾಡ್ ಟ್ಯೂಬಿನಿಂದ ಆಯಿಲ್ ಸೋರುತ್ತಿದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ. ಅದು ತೊಟ್ಟಿಕ್ಕುವುದು ಸರಿಯಾಗಿ ಬಾಕ್ಸಿನ ಮೇಲೆ, ಒಳಗೆಲ್ಲ ಬೋಂಡಾ ಅಂಗಡಿ ವಾಸನೆ.

ಬಾಕ್ಸ್ ಸರಿಯಾದರೂ ಕೆಲಸ ಮುಗಿಯಲಿಲ್ಲ. ಬಿಸಿ ಗಾಳಿ ಅಲ್ಲಿಂದ ಬಾಗಿಲ ಕೆಳಗಿನ ಪಟ್ಟಿಯೊಳಗೆ ಹರಿದು, ಮುಂದೆ ಹೋಗಿ, ಮೇಲೆ ಹತ್ತಿ ಗಾಜಿಗೆ ಬರಬೇಕು. ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳು ಒದ್ದೆ ನೆಲದ ಮೇಲೆ ನಿಂತ ಗಾಡಿಯಲ್ಲಿ ಆ ಪಟ್ಟಿ ಗಟ್ಟಿ ಇದ್ದರೆ ದೇವರ ದಯೆ. ಇಂಜಿನ್ ಓಡಿಸಿ, ಹ್ಯಾಂಡ್‌ಬ್ರೇಕ್ ಪಕ್ಕದ ಹೀಟರ್ ಲಿವರ್ ಎತ್ತಿ, ಪಟ್ಟಿಯ ಉದ್ದಕ್ಕೂ ಕೆಳಗಿನಿಂದ ಊದುಬತ್ತಿ ಹಿಡಿದು ಹೋಗಿ. ಹೊಗೆ ಎಲ್ಲಿ ಚೆದುರುತ್ತದೋ ಅಲ್ಲಿ ತೂತು. ಬಾಕ್ಸಿಗೂ ಬಾಡಿಗೂ ನಡುವೆ ಒಂದು ಹೋಸ್ ಇರುತ್ತದೆ, ಅದು ಹರಿದಿರುವುದೇ ಜಾಸ್ತಿ, ಅದನ್ನು ಮೊದಲು ನೋಡಿ. ನನ್ನದರಲ್ಲಿ ಬಲಗಡೆ ಗಾಳಿಯೇ ಬರುತ್ತಿರಲಿಲ್ಲ. ಸ್ಪೀಕರ್ ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿದರೆ ಮೆತ್ತಗೆ ಏನೋ ತಾಗಿತು. ಎಳೆದು ತೆಗೆದಾಗ ಬಂದಿದ್ದು ಇಲಿಗೂಡು: ಅಡಿಕೆ ಸಿಪ್ಪೆಯ ನಾರು, ಪೇಪರ್ ಚೂರು, ಸೀಟಿನ ಕುದುರೆಕೂದಲು, ಮಧ್ಯದಲ್ಲಿ ಕಚ್ಚಿ ಇಟ್ಟ ಹತ್ತು ಹದಿನೈದು ಗೋಟಡಿಕೆ. ಅಡಿಕೆ ಒಣಗಿಸುವ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಇದನ್ನು ನೆನಪಿಡಿ.

ಲಿವರ್ ಎತ್ತಿದರೆ ಕೆಳಗೆ ಬಾಕ್ಸಿನ ಫ್ಲಾಪ್ ನಿಜವಾಗಿ ತೆರೆಯುತ್ತದಾ ಅಂತಲೂ ಒಬ್ಬರನ್ನು ಕೂರಿಸಿ ನೋಡಿ. ಕೇಬಲ್ ಟ್ಯೂಬಿನೊಳಗೆ ತುಕ್ಕು ಹಿಡಿದು ಅರ್ಧಕ್ಕೆ ನಿಂತಿರುತ್ತದೆ. ಡಬ್ಲ್ಯೂಡಿ-40 ಹೊಡೆದು ಎರಡು ದಿನ ಬಿಟ್ಟು ಅಲ್ಲಾಡಿಸಿ. ಲಿವರ್ ಮೇಲೆ ಶಕ್ತಿ ಪ್ರಯೋಗ ಬೇಡ, ಕೇಬಲ್ ಕಿತ್ತು ಬಂದರೆ ಗಾಡಿಯ ನಡುವಿನ ಟನಲ್ ಒಳಗೆ ಹೊಸದು ತೂರಿಸುವುದು ಒಂದು ಭಾನುವಾರ ಪೂರ್ತಿಯ ಕೆಲಸ.

ಇನ್ನು ಘಾಟಿ ವಿಷಯ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಗಾಜು ಬೇಗ ತಿಳಿಯಾಗುತ್ತದೆ, ಇಳಿಯುವಾಗ ಮಬ್ಬಾಗುತ್ತದೆ ಅಂದಿದ್ದೀರಿ. ಅದು ಸರಿಯಾದ ಗಾಡಿಯಲ್ಲೂ ಹಾಗೇ. ಹತ್ತುವಾಗ ಆಕ್ಸಿಲರೇಟರ್ ಒತ್ತಿರುತ್ತೀರಿ, ಪೈಪ್ ಕಾದಿರುತ್ತದೆ. ಸೆಕೆಂಡ್ ಗೇರಿನಲ್ಲಿ ಕಾಲು ಬಿಟ್ಟು ಇಳಿಯುವಾಗ ಫ್ಯಾನ್ ಜೋರಾಗಿ ತಿರುಗುತ್ತದೆ, ಇಂಜಿನ್ನಿನಲ್ಲಿ ಉರಿಯುವುದು ಮಾತ್ರ ತೀರಾ ಕಡಿಮೆ. ಬಾಕ್ಸ್ ತಣ್ಣಗಾಗುತ್ತಾ ಹೋಗುತ್ತದೆ. ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಬರುವುದು ಉಗುರು ಬೆಚ್ಚಗಿನ ಗಾಳಿ. ದಪ್ಪ ಫಿನ್ ಇರುವ ಬಾಕ್ಸ್ ಬಿಸಿಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಬೋಳು ಪೈಪ್ ಎರಡನೇ ತಿರುವಿಗೇ ಕೈ ಎತ್ತುತ್ತದೆ. ಹಾಗಾಗಿ ಲಿವರನ್ನು ತೀರ್ಥಹಳ್ಳಿ ಬಿಡುವಾಗಲೇ ಎತ್ತಿಡಿ, ಆಗುಂಬೆಗೆ ಬರುವಷ್ಟರಲ್ಲಿ ಗಾಜೇ ಬೆಚ್ಚಗಾಗಿರುತ್ತದೆ. ಕಿಟಕಿ ಒಂದು ಬೆರಳಷ್ಟು ಇಳಿಸಿ. ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಬಿಸಿ ಗಾಳಿ ಒಳಗೆ ಬರುವುದೇ ಇಲ್ಲ. ಒದ್ದೆ ಕೊಡೆ, ಒದ್ದೆ ಮ್ಯಾಟ್ ಒಳಗೆ ಇಟ್ಟುಕೊಂಡು ಹೀಟರ್ ಬೈದರೆ ಪ್ರಯೋಜನ ಇಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು ಅದು. ಬಸ್ಸಿನವರು ಗಾಜಿಗೆ ಬೀಡಿ ತಂಬಾಕು ಉಜ್ಜುತ್ತಾರಲ್ಲ, ಅದು ಹೊರಗಿನ ನೀರಿಗೆ. ಒಳಗಡೆ ಉಜ್ಜಬೇಡಿ. ನಾನು ಉಜ್ಜಿದ್ದೇನೆ.

ಹೀಟ್ ಟೇಪ್ ಬಗ್ಗೆ. ಅದು ಬಿಸಿಯನ್ನು ಪೈಪಿನ ಒಳಗೇ ಇಟ್ಟು ಹಿಂದಕ್ಕೆ ಕಳಿಸುತ್ತದೆ, ನಿಮಗೆ ಕೊಡುವುದಿಲ್ಲ. ನಮ್ಮ ಮಳೆಗೆ ನೀರು ಕುಡಿದು ಕೂತು ಹೆಡರನ್ನೇ ತಿನ್ನುತ್ತದೆ. ಡ್ಯಾಶ್ ಕೆಳಗಿನ 12 ವೋಲ್ಟ್ ಹೀಟರ್ 150 ವಾಟ್ ಅಂದುಕೊಳ್ಳಿ, 12 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ನಮ್ಮ ಹಳೇ ಜನರೇಟರ್ ಕೊಡುವುದೇ ಸುಮಾರು 30. ಹೆಡ್‌ಲೈಟ್, ವೈಪರ್, ಕಾಯಿಲ್ ಎಲ್ಲ ಅದರಲ್ಲೇ ಆಗಬೇಕು, ಘಾಟಿಯಲ್ಲಿ ನಿಧಾನಕ್ಕೆ ಹೋಗುವಾಗ ಅಷ್ಟೂ ಹುಟ್ಟುವುದಿಲ್ಲ. ಬರುವ ಬಿಸಿ ಕೈ ಕಾಯಿಸಿಕೊಳ್ಳಲು ಸಾಕು, ಗಾಜಿಗೆ ಸಾಲದು.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ಗಾಡಿ ಮುಕ್ಕರಿಸಿ, ಐದು ನಿಮಿಷ ನಿಲ್ಲಿಸಿದರೆ ತಾನೇ ಸರಿಯಾದರೆ ಕಾರ್ಬ್ಯುರೇಟರ್ ಬಿಚ್ಚಬೇಡಿ. ಕಾರ್ಬ್ಯುರೇಟರಿನಿಂದ ಇಂಜಿನ್ನಿಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಹೊಗೆಯ ಬಿಸಿಯಿಂದ ಅದನ್ನು ಕಾಯಿಸುವ ಸಣ್ಣ ಹೀಟ್ ರೈಸರ್ ಪೈಪ್ ಇದೆಯಲ್ಲ, ಅದು ಎರಡೂ ತುದಿಯಲ್ಲಿ ಹೆಡರ್‌ಗೆ ಸೇರಿದೆಯಾ ನೋಡಿ. ಎಷ್ಟೋ ಹೆಡರ್‌ಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಅದು ಬಿಸಿಯಾಗದಿದ್ದರೆ ತೇವದ ಗಾಳಿಗೆ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟುತ್ತದೆ. ಹೊರಗೆ 10-12 ಡಿಗ್ರಿ ಇದ್ದರೂ ಕಟ್ಟುತ್ತದೆ. ಹಾಗೇ, 'ನಮ್ಮ ಸೆಕೆಗೆ ಬೇಡ' ಅಂತ ಯಾರಾದರೂ ಇಂಜಿನ್ ಬೆಚ್ಚಗಾಗುವ ತನಕ ತಂಪು ಗಾಳಿ ತಡೆಯುವ, ಇಂಜಿನ್ ಅಡಿಯ ಥರ್ಮೋಸ್ಟಾಟ್, ಶ್ರೌಡ್ ಫ್ಲಾಪ್ ಕಿತ್ತು ಬಿಸಾಕಿದ್ದರೆ ವಾಪಸ್ ಹಾಕಿಸಿ. ಇಂಜಿನ್ ಬೇಗ ಬಿಸಿಯಾಗದೆ ನಿಮಗೆ ಬಿಸಿ ಎಲ್ಲಿಂದ?

ಮೊದಲು ಹಳೇ ಬಾಕ್ಸ್ ಒಂದನ್ನು, ಹೊಸದು ಒಂದನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿ ಎಷ್ಟೆಷ್ಟು ಬಂತು ಅಂತ ಇಲ್ಲಿ ಬರೆಯಿರಿ. ನೀರಿನ ಪರೀಕ್ಷೆ ಆದ ಮೇಲೆ ಹೆಡರ್ ಸೇರುವ ತುದಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಅಷ್ಟು ಹೇಳಿದ ಮೇಲೂ ಮಾರುವುದೇ ಅಂತಿದ್ದರೆ ಗುಜರಿಯವನಿಗಿಂತ ಮೊದಲು ನನಗೆ ಹೇಳಿ, ಭಾನುವಾರ ಬೆಳಿಗ್ಗೆಯೇ ಬಂದು ಒಯ್ಯುತ್ತೇನೆ.